ಛಾಯಾಗ್ರಹಣಕ್ಕೆಂದೇ ಒಂದು ಪ್ರವಾಸ: ಯಾವ ಜಾಗ, ಯಾವ ಕಾಲ?

ಪ್ರಶ್ನೆ

ಮುಂದಿನ ವರ್ಷ ಛಾಯಾಗ್ರಹಣಕ್ಕೆಂದೇ ಒಂದು ದೀರ್ಘ ಪ್ರವಾಸ ಕೈಗೊಳ್ಳಬೇಕೆಂದಿದ್ದೇನೆ. ಇದುವರೆಗಿನ ಪ್ರವಾಸಗಳಲ್ಲಿ ನೋಡಬೇಕಾದುದನ್ನೆಲ್ಲ ಮನೆಯವರ ಜೊತೆ ನೋಡಿ ಮುಗಿಸಿ, ಉಳಿದ ಬಿಡುವಿನಲ್ಲಿ ಕ್ಯಾಮೆರಾ ಹೊರತೆಗೆಯುವುದು ರೂಢಿಯಾಗಿತ್ತು. ಈ ಬಾರಿ ಮಾತ್ರ ಬೆಳಗ್ಗೆ ಏಳುವ ಹೊತ್ತು, ರಾತ್ರಿ ತಂಗುವ ಜಾಗ, ದಾರಿಯಲ್ಲಿ ನಿಲ್ಲುವ ತಾಣ ಎಲ್ಲವೂ ಚಿತ್ರಕ್ಕೆ ತಕ್ಕಂತೆ ನಿಗದಿಯಾಗಲಿ ಎಂಬ ಆಸೆಯಿದೆ. ಭೂದೃಶ್ಯ ಮತ್ತು ರಾತ್ರಿಯ ಆಕಾಶ ನನ್ನ ಮುಖ್ಯ ಆಸಕ್ತಿಗಳು. ವನ್ಯಜೀವಿಗಳಿಗೆ ಬೇಕಾಗುವ ದೊಡ್ಡ ಲೆನ್ಸ್ ನನ್ನಲ್ಲಿಲ್ಲ. ಒಂದು ವೈಡ್ ಆಂಗಲ್, ಒಂದು 70–200 ಮಿ.ಮೀ. ಜೂಮ್ ಮತ್ತು ಗಟ್ಟಿಯಾದ ಟ್ರೈಪಾಡ್ ಇವೆ.

ಸದ್ಯ ನನ್ನ ಪಟ್ಟಿಯಲ್ಲಿ ನಮೀಬಿಯಾ, ಐಸ್‌ಲ್ಯಾಂಡ್ ಮತ್ತು ಬೊಲಿವಿಯಾದ ಊಯುನಿ ಉಪ್ಪುಬಯಲು ಉಳಿದಿವೆ. ಮೂರರ ಬಗ್ಗೆಯೂ ಓದಿದಲ್ಲೆಲ್ಲ ಅದ್ಭುತ, ರಮಣೀಯ ಎಂಬ ವಿಶೇಷಣಗಳೇ ಸಿಗುತ್ತವೆಯೇ ಹೊರತು, ಒಬ್ಬ ಛಾಯಾಗ್ರಾಹಕನಿಗೆ ಅಲ್ಲಿ ದಿನವೊಂದರಲ್ಲಿ ಎಷ್ಟು ಹೊತ್ತು ಒಳ್ಳೆಯ ಬೆಳಕು ಸಿಕ್ಕೀತು, ಆ ಹೊತ್ತಿನಲ್ಲಿ ಆ ಜಾಗದಲ್ಲಿರಲು ಅನುಮತಿ ಇದೆಯೇ ಎಂಬುದನ್ನು ಯಾರೂ ಹೇಳುವುದಿಲ್ಲ. ನಿಮಗೆ ಅತ್ಯಂತ ಪ್ರಿಯವಾದ ತಾಣ ಯಾವುದು, ಅದಕ್ಕೆ ಕಾರಣವೇನು ಎಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನನ್ನ ಮತ ನಿಸ್ಸಂದೇಹವಾಗಿ ನಮೀಬಿಯಾಕ್ಕೆ. ನಮೀಬ್ ಮರುಭೂಮಿಯ ಸೊಸುಸ್‌ವ್ಲೈ ಪ್ರದೇಶದ ಮರಳ ದಿಬ್ಬಗಳು ಕಬ್ಬಿಣದ ಆಕ್ಸೈಡಿನಿಂದಾಗಿ ಕೆಂಪು–ಕಿತ್ತಳೆ ಬಣ್ಣ ತಳೆದಿವೆ. ಸೂರ್ಯ ತಗ್ಗಿನಲ್ಲಿರುವಾಗ ಒಂದೊಂದು ದಿಬ್ಬದ ಏಣು ಒಂದು ಬದಿಗೆ ಬೆಳಕನ್ನೂ ಇನ್ನೊಂದು ಬದಿಗೆ ನೆರಳನ್ನೂ ಕತ್ತರಿಸಿಟ್ಟಂತೆ ಬೇರ್ಪಡಿಸುತ್ತದೆ. ಇಲ್ಲಿ ನಿಮ್ಮ 70–200 ಜೂಮ್ ವೈಡ್ ಲೆನ್ಸಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಇಡೀ ದಿಬ್ಬವನ್ನು ಚೌಕಟ್ಟಿನೊಳಗೆ ತುರುಕುವುದಕ್ಕಿಂತ ಒಂದು ಏಣಿನ ತಿರುವನ್ನೂ ಅದರ ಕೆಳಗಿನ ಒಂಟಿ ಮರವನ್ನೂ ಆರಿಸಿಕೊಂಡರೆ ದಿಬ್ಬದ ಎತ್ತರ ಎಷ್ಟೆಂಬುದು ನೋಡುಗನಿಗೆ ಅರಿವಾಗುತ್ತದೆ.

ಹೆಚ್ಚಿನವರು ಹೋಗುವುದು ಡೆಡ್‌ವ್ಲೈ ಎಂಬ ಬಿಳಿ ಜೇಡಿನ ತಟ್ಟೆಯಂಥ ಬಯಲಿಗೆ. ನದಿಯ ದಾರಿಯನ್ನು ಮರಳು ಮುಚ್ಚಿದ ಮೇಲೆ ನೀರಿಲ್ಲದೆ ಸತ್ತ ಮರಗಳು ಅಲ್ಲಿ ಶತಮಾನಗಳಿಂದ ನಿಂತೇ ಇವೆ. ಗಾಳಿ ತೀರಾ ಒಣಗಿರುವುದರಿಂದ ಅವು ಕೊಳೆತಿಲ್ಲ. ಬೆಳಗ್ಗೆ ಪೂರ್ವದ ದಿಬ್ಬದ ನೆರಳು ಬಯಲಿನ ಮೇಲೆ ಇನ್ನೂ ಬಿದ್ದಿರುವಾಗಲೇ ಹಿಂದಿನ ದಿಬ್ಬಕ್ಕೆ ಬಿಸಿಲು ತಗಲುತ್ತದೆ. ಆಗ ನೆಲ ನೀಲಿಯಾಗಿಯೂ ಹಿನ್ನೆಲೆ ಕಿತ್ತಳೆಯಾಗಿಯೂ ಕಾಣಿಸಿ, ತೆಗೆದ ಚಿತ್ರ ಬಣ್ಣದಲ್ಲಿ ಬರೆದದ್ದೇನೋ ಎಂಬ ಸಂಶಯ ಹುಟ್ಟುತ್ತದೆ. ನೆರಳು ಬಯಲಿನಿಂದ ಜಾರಿಹೋದ ಕೂಡಲೇ ಆ ಬಣ್ಣದ ವೈದೃಶ್ಯ ಮುಗಿಯಿತು. ಆಮೇಲೆ ಮಧ್ಯಾಹ್ನದವರೆಗೆ ಕಾದರೂ ಪ್ರಯೋಜನವಿಲ್ಲ.

ಈಗ ನೀವು ಕೇಳಿದ ಮುಖ್ಯ ವಿಷಯ. ಈ ದಿಬ್ಬಗಳಿರುವ ರಾಷ್ಟ್ರೀಯ ಉದ್ಯಾನಕ್ಕೆ ಸೆಸ್ರಿಯೆಮ್‌ನಲ್ಲಿರುವ ಹೊರಬಾಗಿಲು ಸೂರ್ಯೋದಯಕ್ಕೆ ತೆರೆಯುತ್ತದೆ. ಅಲ್ಲಿಂದ ದಿಬ್ಬಗಳವರೆಗೆ ಸುಮಾರು 60 ಕಿಲೋಮೀಟರ್ ಡಾಂಬರು ರಸ್ತೆ, ನಂತರ ನಾಲ್ಕು ಚಕ್ರಗಳಿಗೂ ಎಳೆತವಿರುವ ವಾಹನ ಮಾತ್ರ ಹೋಗಬಲ್ಲ ಮರಳಿನ ದಾರಿ, ಕೊನೆಗೆ ಒಂದು ಕಿಲೋಮೀಟರಿನಷ್ಟು ನಡಿಗೆ. ಹೊರಗೆ ತಂಗಿದವರು ಅಲ್ಲಿಗೆ ತಲುಪುವಷ್ಟರಲ್ಲಿ ನೆರಳು ಅರ್ಧ ಸರಿದಿರುತ್ತದೆ. ಉದ್ಯಾನದ ಒಳಗಿನ ಶಿಬಿರದಲ್ಲಿ ತಂಗಿದವರಿಗೆ ಒಳಬಾಗಿಲನ್ನು ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ತೆರೆಯಲಾಗುತ್ತದೆ. ಆ ಒಂದು ಗಂಟೆಗಾಗಿ ಒಳಗಿನ ವಸತಿಗೆ ಹೆಚ್ಚು ಹಣ ತೆರಬೇಕಾಗಿ ಬಂದರೂ ಹಿಂದೆ ನೋಡಬೇಡಿ. ಹೊಸ ಲೆನ್ಸಿಗೆ ಕೊಡುವ ಹಣಕ್ಕಿಂತ ಅದು ಸಾರ್ಥಕ.

ಎರಡನೆಯ ಉತ್ತರ

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಪ್ರಶ್ನೆ ಕೇಳಿದವರು ಎಷ್ಟು ಹೊತ್ತಿನ ಬೆಳಕು ಎಂದು ಕೇಳಿದ್ದಾರೆ. ಆ ಲೆಕ್ಕದಲ್ಲಿ ಉತ್ತರದ ದೇಶಗಳನ್ನು ಮೀರಿಸುವ ಜಾಗವಿಲ್ಲ.

ಇದಕ್ಕೆ ಕಾರಣ ಸರಳವಾದ ಜ್ಯಾಮಿತಿ. ಭೂಮಧ್ಯರೇಖೆಯ ಸಮೀಪದಲ್ಲಿ ಸೂರ್ಯ ದಿಗಂತದಿಂದ ಹೆಚ್ಚುಕಡಿಮೆ ನೇರವಾಗಿ ಮೇಲೇಳುತ್ತಾನೆ; ಧ್ರುವದ ಕಡೆಗೆ ಹೋದಂತೆ ಅವನ ದಾರಿ ಓರೆಯಾಗುತ್ತ ಹೋಗುತ್ತದೆ. ಹಗಲು ರಾತ್ರಿಗಳು ಸಮವಾಗಿರುವ ದಿನಗಳಲ್ಲಿ ಸೊಸುಸ್‌ವ್ಲೈಯಂಥ ಅಕ್ಷಾಂಶದಲ್ಲಿ ಸೂರ್ಯ ದಿಗಂತದಿಂದ 6 ಡಿಗ್ರಿ ಏರಲು (ಮೃದುವಾದ ಬಂಗಾರದ ಬೆಳಕು ಸಿಗುವುದು ಹೆಚ್ಚುಕಡಿಮೆ ಅಲ್ಲಿಯವರೆಗೆ) ಅರ್ಧ ಗಂಟೆಯೂ ಬೇಕಾಗುವುದಿಲ್ಲ, ಆದರೆ 64 ಡಿಗ್ರಿ ಉತ್ತರದಲ್ಲಿರುವ ಐಸ್‌ಲ್ಯಾಂಡಿನಲ್ಲಿ ಅದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಡಿಸೆಂಬರಿನಲ್ಲಿ ರೇಕ್ಯಾವಿಕ್‌ನಲ್ಲಿ ಹಗಲು ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು ಮಾತ್ರ, ನಿಜ. ಆದರೆ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಮೂರು ಡಿಗ್ರಿಯಷ್ಟೂ ಏರದಿರುವುದರಿಂದ, ಮೋಡ ಸರಿದರೆ ಆ ನಾಲ್ಕು ಗಂಟೆಯೂ ಬಂಗಾರದ ಬೆಳಕೇ. ಜೂನಿನಲ್ಲಿ ಸೂರ್ಯ ಮಧ್ಯರಾತ್ರಿಯ ಹೊತ್ತಿಗೆ ಮುಳುಗಿ ಮೂರು ಗಂಟೆಯೊಳಗೆ ಮತ್ತೆ ಹುಟ್ಟುತ್ತಾನೆ, ನಡುವೆ ಕತ್ತಲಾಗುವುದೇ ಇಲ್ಲ. ನಿಮಗೆ ರಾತ್ರಿಯ ಆಕಾಶ ಬೇಕಾಗಿರುವುದರಿಂದ ಬೇಸಿಗೆ ಬೇಡ. ಸೆಪ್ಟೆಂಬರ್ ಕೊನೆ ಅಥವಾ ಮಾರ್ಚ್ ತಿಂಗಳನ್ನು ಆರಿಸಿಕೊಂಡರೆ ಹಗಲಿಗೆ ಸಾಕಷ್ಟು ಹೊತ್ತೂ ಸಿಗುತ್ತದೆ, ಧ್ರುವಪ್ರಭೆಗೆ ಬೇಕಾದ ಕತ್ತಲೂ ಸಿಗುತ್ತದೆ.

ಯೋಕುಲ್ಸಾರ್ಲೋನ್ ಹಿಮನದಿಯ ಸರೋವರದಿಂದ ಹೊರಬಿದ್ದ ಮಂಜಿನ ಗಡ್ಡೆಗಳು ಎದುರಿನ ಕಪ್ಪು ಮರಳಿನ ದಡಕ್ಕೆ ಬಂದು ಬೀಳುತ್ತವೆ. ಅಲೆ ಹಿಂದೆ ಸರಿಯುವಾಗ ಶಟರನ್ನು ಒಂದೆರಡು ಸೆಕೆಂಡು ತೆರೆದಿಟ್ಟರೆ ಗಡ್ಡೆಯ ಸುತ್ತ ನೀರಿನ ಎಳೆಗಳು ಮೂಡುತ್ತವೆ. ಟ್ರೈಪಾಡಿನ ಕಾಲುಗಳನ್ನು ಮರಳಿನೊಳಗೆ ಆಳಕ್ಕೆ ಒತ್ತದಿದ್ದರೆ ಅಲೆಯ ಜೊತೆ ಅದೂ ಅಲುಗುತ್ತದೆ. ರೇನಿಸ್‌ಫ್ಯಾರಾ ಕಡಲತೀರದಲ್ಲಿ ಮಾತ್ರ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಲೇಬೇಡಿ; ಸಣ್ಣ ಅಲೆಗಳ ನಡುವೆ ಮುನ್ಸೂಚನೆಯಿಲ್ಲದೆ ಬರುವ ದೊಡ್ಡ ಅಲೆಗೆ ಸಿಕ್ಕಿ ಅಲ್ಲಿ ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ.

ಮೂರನೆಯ ಉತ್ತರ

ಊಯುನಿಯ ಬಗ್ಗೆ ಯಾರೂ ಬರೆಯದಿರುವುದರಿಂದ ಚುಟುಕಾಗಿ ಹೇಳುತ್ತೇನೆ. 10,000 ಚದರ ಕಿಲೋಮೀಟರಿಗಿಂತಲೂ ವಿಶಾಲವಾದ ಈ ಉಪ್ಪುಬಯಲು ಎರಡು ಬೇರೆ ಬೇರೆ ತಾಣಗಳೆಂದೇ ತಿಳಿಯಿರಿ. ಜನವರಿಯಿಂದ ಮಾರ್ಚ್‌ವರೆಗಿನ ಮಳೆಗಾಲದಲ್ಲಿ ತೆಳುವಾಗಿ ನೀರು ನಿಂತು ಆಕಾಶವೆಲ್ಲ ನೆಲದಲ್ಲಿ ಪ್ರತಿಫಲಿಸುತ್ತದೆ. ಒಣ ತಿಂಗಳುಗಳಲ್ಲಿ ಅದೇ ನೆಲ ಬಹುಭುಜಾಕೃತಿಯ ಉಪ್ಪಿನ ಗೆರೆಗಳಿಂದ ತುಂಬಿರುತ್ತದೆ. ಪ್ರತಿಬಿಂಬವನ್ನು ಬಯಸಿ ಹೋದವರಿಗೆ ನೀರಿನ ಜೊತೆಗೆ ಗಾಳಿಯಿಲ್ಲದ ಹೊತ್ತೂ ಕೂಡಿಬರಬೇಕು, ನೀರು ಹೆಚ್ಚಾದರೆ ವಾಹನಗಳು ಒಳಗೆ ಹೋಗುವುದೇ ಇಲ್ಲ. ಹಗಲಿನ ಬಿಳುಪನ್ನು ಕ್ಯಾಮೆರಾ ಬೂದುಬಣ್ಣವೆಂದು ಭಾವಿಸುವುದರಿಂದ ಎಕ್ಸ್‌ಪೋಶರನ್ನು ಒಂದರಿಂದ ಎರಡು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಿಕೊಳ್ಳಬೇಕಾಗುತ್ತದೆ. ಬಯಲು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಮೊದಲ ದಿನಗಳನ್ನು ದೇಹ ಹೊಂದಿಕೊಳ್ಳಲು ಮೀಸಲಿಡಿ. ಉಪ್ಪುನೀರು ಟ್ರೈಪಾಡಿನ ಕೀಲುಗಳನ್ನು ತಿಂದುಹಾಕುತ್ತದೆ. ಪ್ರತಿ ರಾತ್ರಿಯೂ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಪೂರ್ತಿ ಪ್ರವಾಸವನ್ನು ಇದೊಂದಕ್ಕೇ ಮೀಸಲಿಡುವುದು ನನ್ನ ಅಭಿಪ್ರಾಯದಲ್ಲಿ ಅತಿಯಾಯಿತು.

ನಾಲ್ಕನೆಯ ಉತ್ತರ

ಯಾವ ತಾಣವನ್ನು ಆರಿಸಿಕೊಂಡರೂ ಅಲ್ಲಿನ ನಿಯಮಗಳು ಹೇಗೆ ಬದಲಾಗುತ್ತಿವೆ ಎಂಬುದನ್ನು ಹೊರಡುವ ಮುನ್ನ ಪರಿಶೀಲಿಸಿಕೊಳ್ಳಿ, ಏಕೆಂದರೆ ಹಳೆಯ ಪ್ರವಾಸ ಕಥನಗಳನ್ನು ನಂಬಿ ಹೋದವರು ಈಗ ಬಾಗಿಲಿನಲ್ಲೇ ನಿರಾಶರಾಗುತ್ತಿದ್ದಾರೆ. ಅಮೆರಿಕದ ಆಂಟಿಲೋಪ್ ಕಣಿವೆಯಲ್ಲಿ ಛಾಯಾಗ್ರಾಹಕರಿಗೆಂದೇ ಇದ್ದ ಪ್ರತ್ಯೇಕ ಭೇಟಿಗಳು ನಿಂತುಹೋಗಿವೆ, ಈಗ ಟ್ರೈಪಾಡ್ ಇಲ್ಲದೆ, ಮಾರ್ಗದರ್ಶಕರ ಹಿಂದೆ ಸಾಲಾಗಿ ನಡೆಯಬೇಕು. ಐಸ್‌ಲ್ಯಾಂಡಿನ ಫ್ಯಾದ್ರಾರ್‌ಗ್ಲ್ಯೂಫುರ್ ಕಣಿವೆ ಒಂದು ಸಂಗೀತ ವಿಡಿಯೊದಿಂದ ಪ್ರಸಿದ್ಧವಾಗಿ, ನುಗ್ಗಿದ ಜನರ ತುಳಿತಕ್ಕೆ ಪಾಚಿ ಹಾಳಾದ ಕಾರಣ 2019ರಲ್ಲಿ ಅದನ್ನು ಕೆಲಕಾಲ ಮುಚ್ಚಬೇಕಾಯಿತು. ಜಪಾನಿನ ಬಿಯೆ ಊರಿನಲ್ಲಿ ಚಿತ್ರಕ್ಕಾಗಿ ಹೊಲದೊಳಗೆ ನುಗ್ಗುವವರನ್ನು ತಡೆಯಲಾಗದೆ ಬೇಸತ್ತ ಜಮೀನಿನ ಮಾಲೀಕರು ‘ತತ್ತ್ವಜ್ಞಾನಿಯ ಮರ’ವೆಂದು ಹೆಸರಾಗಿದ್ದ ಬಾಗಿದ ಮರವನ್ನು 2016ರಲ್ಲಿ ಕಡಿಸಿಯೇಬಿಟ್ಟರು. ಅದೇ ದೇಶದ ಫುಜಿಕಾವಾಗುಚಿಕೊದಲ್ಲಿ 2024ರ ಮೇ ತಿಂಗಳಲ್ಲಿ ಅಂಗಡಿಯೊಂದರ ಹಿಂದೆ ಕಾಣುವ ಫುಜಿ ಪರ್ವತದ ದೃಶ್ಯಕ್ಕೆ ಕಪ್ಪು ಪರದೆಯನ್ನೇ ಕಟ್ಟಲಾಯಿತು. ಹೀಗೆ ತಾಣಗಳನ್ನು ಮುಚ್ಚಿಸಿದವರಲ್ಲಿ ನಮ್ಮಂಥ ಕ್ಯಾಮೆರಾ ಹಿಡಿದವರೇ ಹೆಚ್ಚು ಎಂಬುದನ್ನು ಮರೆಮಾಚುವುದು ಸರಿಯಲ್ಲ.

ಪಟ್ಟಿಯಲ್ಲಿಲ್ಲದ ಒಂದು ಹೆಸರನ್ನು ಸೇರಿಸಲು ಅವಕಾಶವಿದ್ದರೆ ಕಾಂಬೋಡಿಯಾದ ಅಂಗ್ಕೋರ್ ಎನ್ನುತ್ತೇನೆ. ಅಂಗ್ಕೋರ್ ವಾಟ್ ದೇವಾಲಯ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಸೂರ್ಯೋದಯದಲ್ಲಿ ಗೋಪುರಗಳ ಕಪ್ಪು ಆಕೃತಿ ಮಾತ್ರ ದೊರೆಯುತ್ತದೆ, ಅದಕ್ಕೇ ನೂರಾರು ಜನ ಕೊಳದ ಬಳಿ ಸಾಲುಗಟ್ಟಿರುತ್ತಾರೆ. ಕಲ್ಲಿನ ಕೆತ್ತನೆಯ ಮೇಲೆ ಓರೆಬಿಸಿಲು ಬೀಳುವುದು ಮಧ್ಯಾಹ್ನದ ಇಳಿಹೊತ್ತಿನಲ್ಲಿ, ಆಗ ಬೆಳಗಿನ ಗುಂಪು ಇರುವುದಿಲ್ಲ. ಪ್ರಸಿದ್ಧ ತಾಣದಲ್ಲಿ ಕಟ್ಟಡ ಯಾವ ದಿಕ್ಕಿಗೆ ನಿಂತಿದೆ ಎಂದು ನಕ್ಷೆಯಲ್ಲಿ ನೋಡಿಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬೆಳಕಿನ ಅವಧಿಯ ಲೆಕ್ಕ ಐಸ್‌ಲ್ಯಾಂಡಿನ ಪರವಾಗಿದ್ದರೂ ವಾರಗಟ್ಟಲೆ ಮೋಡ ಕವಿದರೆ ಎಂಬ ಅಳುಕಿನಿಂದ ಮನಸ್ಸು ನಮೀಬಿಯಾದ ಕಡೆಗೇ ವಾಲುತ್ತಿದೆ. ಮೊದಲ ಉತ್ತರ ನೀಡಿದವರಲ್ಲಿ ಎರಡು ವಿಷಯ ಕೇಳಬೇಕಿದೆ. ಸತ್ತ ಮರಗಳ ಮೇಲೆ ಕ್ಷೀರಪಥವನ್ನು ತೆಗೆಯಲು ಸಾಧ್ಯವೇ? ಮರಳು ತುಂಬಿದ ಮನೆಗಳ ಕೋಲ್ಮನ್‌ಸ್ಕಾಪ್ ಊರನ್ನೂ ಇದೇ ಪ್ರವಾಸದಲ್ಲಿ ಸೇರಿಸಿಕೊಳ್ಳಬಹುದೇ?

ಮೊದಲ ಉತ್ತರ ನೀಡಿದವರಿಂದ

ಡೆಡ್‌ವ್ಲೈಯಲ್ಲಿ ರಾತ್ರಿ ಉಳಿಯಲು ಸಾಮಾನ್ಯ ಪ್ರವೇಶದಲ್ಲಿ ಅವಕಾಶವಿಲ್ಲ. ಬಾಗಿಲು ಮುಚ್ಚುವ ಹೊತ್ತಿಗೆ ಹಿಂದಿರುಗಲೇಬೇಕು. ನಕ್ಷತ್ರಗಳಿಗೆ ಬೇರೆ ಎರಡು ಜಾಗಗಳಿವೆ. ಸ್ವಲ್ಪ ದಕ್ಷಿಣಕ್ಕಿರುವ ನಮೀಬ್‌ರಾಂಡ್ ಅಭಯಾರಣ್ಯವನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಪ್ರದೇಶವೆಂದು ಗುರುತಿಸಲಾಗಿದೆ. ಕೀಟ್‌ಮನ್ಸ್‌ಹೂಪ್ ಬಳಿಯ ಕ್ವಿವರ್ ಮರಗಳ ಕಾಡು ಖಾಸಗಿ ಜಮೀನಿನಲ್ಲಿದ್ದು ಅಲ್ಲಿಯೇ ತಂಗಬಹುದಾದ್ದರಿಂದ ರಾತ್ರಿಯಿಡೀ ಕೆಲಸ ಮಾಡಬಹುದು. ಕವಲೊಡೆದ ಆ ಮರಗಳ ಆಕೃತಿ ಆಕಾಶದೆದುರು ಡೆಡ್‌ವ್ಲೈಯ ಮರಗಳಿಗಿಂತ ಚೆನ್ನಾಗಿ ಕಾಣುತ್ತದೆ ಎಂದೇ ನನ್ನ ಅಭಿಪ್ರಾಯ. ಜೂನ್ ಅಥವಾ ಜುಲೈಯ ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನು ಆರಿಸಿಕೊಳ್ಳಿ. ಆಗ ಅಲ್ಲಿ ಒಣಹವೆಯ ಚಳಿಗಾಲ, ಕ್ಷೀರಪಥದ ನಡುಭಾಗ ನಡುರಾತ್ರಿಯ ಹೊತ್ತಿಗೆ ನೆತ್ತಿಯ ಸಮೀಪಕ್ಕೆ ಬರುತ್ತದೆ. ರಾತ್ರಿಯ ಚಳಿಗೆ ಬ್ಯಾಟರಿಗಳು ಬೇಗ ಇಳಿಯುವುದರಿಂದ ಹೆಚ್ಚುವರಿ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಳ್ಳಿ.

ಕೋಲ್ಮನ್‌ಸ್ಕಾಪ್ ಸೇರಿಸಿಕೊಳ್ಳಬಹುದು, ಆದರೆ ಜಲ್ಲಿರಸ್ತೆಯ ಪ್ರಯಾಣಕ್ಕೆ ಹೋಗುವಾಗ ಒಂದು ಪೂರ್ಣ ದಿನವನ್ನೇ ಬಿಟ್ಟುಕೊಡಬೇಕು. ವಜ್ರದ ಗಣಿಗಾರರು 1956ರ ಹೊತ್ತಿಗೆ ತೊರೆದುಹೋದ ಆ ಊರಿನ ಕೋಣೆಗಳಲ್ಲಿ ನಿಮ್ಮ ವೈಡ್ ಲೆನ್ಸಿಗೆ ಕೊನೆಗೂ ತಕ್ಕ ಕೆಲಸ ಸಿಗುತ್ತದೆ. ಸಾಮಾನ್ಯ ಟಿಕೆಟ್ಟಿನಲ್ಲಿ ಹಗಲಿನ ನಿಗದಿತ ಸಮಯದಲ್ಲಷ್ಟೇ ಒಳಗೆ ಬಿಡುತ್ತಾರೆ. ಮುಂಜಾನೆ ಕಿಟಕಿಗಳಿಂದ ಓರೆಯಾಗಿ ಬೆಳಕು ಬೀಳುವಾಗ ಅಲ್ಲಿರಬೇಕೆಂದರೆ ಛಾಯಾಗ್ರಾಹಕರಿಗೆ ನೀಡುವ ವಿಶೇಷ ಪರವಾನಗಿಯನ್ನು ಹಿಂದಿನ ದಿನವೇ ಪಡೆದುಕೊಳ್ಳಿ. ಕಡಲ ಕಡೆಯ ಗಾಳಿ ಅಲ್ಲಿ ಜೋರಾಗಿರುವುದರಿಂದ ಲೆನ್ಸ್ ಬದಲಿಸುವ ಕೆಲಸವನ್ನು ಮುಚ್ಚಿದ ಕಾರಿನೊಳಗೇ ಮುಗಿಸಿಕೊಂಡು ಹೊರಗಿಳಿಯಿರಿ.