ಸಹಾಯ ಬೇಕು: ಸಿಸ್ಲಿಯ ನೆರೆ ಚಿತ್ರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಎಲ್ಲರಿಗೂ ನಮಸ್ಕಾರ. ಚಿತ್ರಕಲೆ ಬಲ್ಲವರು ಸ್ವಲ್ಪ ದಾರಿ ತೋರಿಸಿ.

ಆಲ್ಫ್ರೆಡ್ ಸಿಸ್ಲಿ 1876ರಲ್ಲಿ ಬಿಡಿಸಿದ ಪೋರ್ಟ್ ಮಾರ್ಲಿಯ (ಪ್ಯಾರಿಸ್ ಹತ್ತಿರದ ಒಂದು ಊರು) ನೆರೆಯ ಚಿತ್ರವನ್ನು ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ತೋರಿಸಿದೆ. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆಯಲ್ಲ, ಮನೆ ಪಕ್ಕ ದೋಣಿ ಇರೋದು, ಅದೇ. ಸೇನ್ ನದಿ ಉಕ್ಕಿ ಬೀದಿಗೇ ಬಂದಿದೆ. ಎಡಗಡೆ ವೈನ್ ಅಂಗಡಿಯವರ ಮನೆ, ಸುತ್ತ ನೀರು. ಆದರೆ ಎಲ್ಲೂ ಗೋಳಾಟವಿಲ್ಲ. ಮೇಲೆ ಅಗಲವಾದ ಆಕಾಶ, ಮೋಡ. ಕೆಳಗೆ ನೀರಿನಲ್ಲೂ ಅದೇ ಬೆಳಕು, ಚಿಕ್ಕ ಚಿಕ್ಕ ಕುಂಚದ ಗೀರುಗಳಲ್ಲಿ. ಎಷ್ಟು ನೋಡಿದರೂ ಸಾಲದು.

ಒಬ್ಬ ಹುಡುಗಿ ಕೇಳಿದಳು, "ಮನೆಗೆ ನೀರು ಬಂದರೂ ಯಾರೂ ಯಾಕೆ ಅಳ್ತಿಲ್ಲ ಮಿಸ್?" ನನಗೆ ಉತ್ತರ ಹೊಳೆಯಲಿಲ್ಲ.

ಸಿಸ್ಲಿ ಆಗ ಪಕ್ಕದ ಮಾರ್ಲಿ ಲ ರುವಾದಲ್ಲೇ ವಾಸವಿದ್ದರು. ಅದೇ ನೆರೆಯನ್ನು ಹಲವು ಸಲ ಬಿಡಿಸಿದರು. ಹಾಗಾಗಿ ಜನರ ಕಷ್ಟ ಅವರಿಗೆ ಕಾಣಲಿಲ್ಲ ಅನ್ನೋಕಾಗಲ್ಲ, ಅಲ್ವಾ? ಹಾಗಾದರೆ ಅವರಿಗೆ ಬೇಕಾಗಿದ್ದು ಬರೀ ಬೆಳಕಾ? ಅಥವಾ ಆ ಮೌನದಲ್ಲೇ ದುಃಖ ಇದೆಯಾ? ನನಗೇನೋ ಎರಡನೆಯದೇ ಸರಿ ಅನಿಸುತ್ತದೆ.

ನೀವು ಹೇಗೆ ನೋಡುತ್ತೀರಿ? ಸೋಮವಾರ ಮತ್ತೆ ಕ್ಲಾಸಿದೆ. ಆ ಹುಡುಗಿಗೆ ಸುಮ್ನೆ ಏನೋ ಒಂದು ಹೇಳಿಬಿಡಲು ಮನಸ್ಸಿಲ್ಲ.