ಹೊಸ ಕರ್ನಲ್ ಬೂಟ್ ಆಗ್ತಿಲ್ಲ, ಹಳೇದು ಆಗತ್ತೆ

ತುಂಗಾತೀರ:
ನಮಸ್ಕಾರ ಎಲ್ರಿಗೂ. ಹಳೇ ಡೆಸ್ಕ್‌ಟಾಪ್, ಯುಇಎಫ್‌ಐ ಇಲ್ಲ, ಬರೀ ಬಯಾಸ್ (ಮಷೀನ್ ಆನ್ ಆದಾಗ ಮೊದ್ಲು ಓಡೋ ಪ್ರೋಗ್ರಾಮ್, ಯುಇಎಫ್‌ಐ ಅದರ ಹೊಸ ರೂಪ). 4 ಟಿಬಿ ಹಾರ್ಡ್ ಡಿಸ್ಕ್ ಹಾಕಿ, ಜಿಪಿಟಿ (ಡಿಸ್ಕನ್ನ ಪಾರ್ಟಿಷನ್‌ಗಳಾಗಿ ಹಂಚೋ ಹೊಸ ಪದ್ಧತಿ) ಮಾಡಿ ಡೆಬಿಯನ್ ಲಿನಕ್ಸ್ ಇನ್‌ಸ್ಟಾಲ್ ಮಾಡಿದೀನಿ, ಮೊದ್ಲಿಗೆ 1 ಎಂಬಿ ಬಯಾಸ್ ಬೂಟ್ ಪಾರ್ಟಿಷನ್, ಉಳಿದಿದ್ದೆಲ್ಲಾ ಒಂದೇ ರೂಟ್ (ಸಿಸ್ಟಮ್, ಫೈಲು ಎಲ್ಲಾ ಇರೋ ಪಾರ್ಟಿಷನ್), ಫೈಲ್‌ಸಿಸ್ಟಮ್ ಎಕ್ಸ್ಟ್4. ಚೆನ್ನಾಗೇ ಓಡ್ತಿತ್ತು, ಮೊನ್ನೆ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್ಡೇಟ್ ಆಯ್ತು ನೋಡಿ, ಈಗ ಗ್ರಬ್ (ಕರ್ನಲನ್ನ ಲೋಡ್ ಮಾಡೋ ಬೂಟ್ ಪ್ರೋಗ್ರಾಮ್) "ಅಟೆಂಪ್ಟ್ ಟು ರೀಡ್ ಆರ್ ರೈಟ್ ಔಟ್‌ಸೈಡ್ ಆಫ್ ಡಿಸ್ಕ್" (ಡಿಸ್ಕ್‌ನ ಆಚೆ ಓದೋಕೋ ಬರೆಯೋಕೋ ಹೋಗಿದೆ) ಅಂತ ಹೇಳಿ ನಿಂತ್ಬಿಡತ್ತೆ. ಮೆನುವಲ್ಲಿ ಹಳೇ ಕರ್ನಲ್ ಆರಿಸಿದ್ರೆ ಆರಾಮಾಗಿ ಬರತ್ತೆ. ಡಿಸ್ಕ್ ಕೈಕೊಡ್ತಿದ್ಯಾ? ಅಂಗಡಿ ಲೆಕ್ಕ ಎಲ್ಲಾ ಇದ್ರಲ್ಲೇ ಇದೆ.

ಅಡಿಕೆತೋಟ:
ಗಾಬರಿ ಬೇಡ, ಇದು ಡಿಸ್ಕ್ ಕೆಟ್ಟ ಲಕ್ಷಣ ಅಲ್ಲ. ಕರ್ನಲ್ ಲೋಡ್ ಆಗೋವರೆಗೂ ಗ್ರಬ್ ಡಿಸ್ಕ್ ಓದೋದು ಬಯಾಸ್ ಮೂಲಕ, ಎಷ್ಟೋ ಹಳೇ ಬಯಾಸ್‌ಗಳು ಸೆಕ್ಟರ್ (ಡಿಸ್ಕ್‌ನ ಚಿಕ್ಕ ತುಂಡು) ನಂಬರನ್ನ 32 ಬಿಟ್‌ನಲ್ಲೇ ಹಿಡಿಯೋದು, ಸೆಕ್ಟರ್‌ಗೆ 512 ಬೈಟ್ ಅಂದ್ರೆ ಸುಮಾರು 2 ಟಿಬಿಗೆ ಲೆಕ್ಕ ಮುಗೀತು. ಹಳೇ ಕರ್ನಲ್ ಫೈಲು ಅದರೊಳಗೆ ಇದೆ, ಹೊಸದೋ ಅದರ ಇನಿಟ್‌ಆರ್‌ಡಿನೋ (ಬೂಟ್ ಶುರುವಲ್ಲಿ ಕರ್ನಲ್ ಜೊತೆ ಲೋಡ್ ಆಗೋ ಫೈಲು) ಆಚೆ ಹೋಗಿ ಕೂತಿದೆ. ಲಿನಕ್ಸ್ ಎದ್ದ ಮೇಲೆ ತನ್ನದೇ ಡ್ರೈವರ್‌ನಲ್ಲಿ ಓದತ್ತೆ, ಹಾಗಾಗಿ ಒಳಗಿಂದ ನೋಡಿದ್ರೆ ಏನೂ ತೊಂದ್ರೆ ಕಾಣಲ್ಲ. 1 ಎಂಬಿ ಪಾರ್ಟಿಷನ್ ಬೇಕೇ ಬೇಕು, ಜಿಪಿಟಿಲಿ ಗ್ರಬ್‌ನ ಕೋರ್ ಇಮೇಜ್ (ಅದರ ಮುಖ್ಯ ಭಾಗ) ಕೂರೋ ಜಾಗ ಅದೇ. ಅದರ ಪಕ್ಕಕ್ಕೇ 1 ಜಿಬಿ ಬೂಟ್ ಪಾರ್ಟಿಷನ್ ಬೇರೆ ಮಾಡಿ ರೂಟನ್ನ ಹಿಂದಕ್ಕೆ ಸರಿಸಿ.

ಜೋಳದರೊಟ್ಟಿ:
ಕಾರಣ ಖರೇನ ಐತ್ರಿ, ಆದ್ರ ರೂಟ್ ಸರಸಾಕ ಹೋಗಬ್ಯಾಡ್ರಿ. ಸುರುವಾತ್‌ನಾಗ ಜಾಗ ಮಾಡಬೇಕಂದ್ರ ಇದ್ದ ಡೇಟಾ ಎಲ್ಲಾ ಸರಸಬೇಕಾಗತದ, ನಡುವ ಕರೆಂಟ್ ಹೋತಂದ್ರ ಮುಗೀತು. ನಿಮ್ಮ ಡೇಟಾ 1 ಟಿಬಿ ಒಳಗ ಇದ್ರ ಬಾಲದ ಕಡಿಂದ ಕಡಿಮಿ ಮಾಡ್ರಿ. ಮೊದಲ ಲೆಕ್ಕದ ಫೈಲ್ ಬ್ಯಾರೆ ಡಿಸ್ಕಿಗೆ ಕಾಪಿ ಮಾಡ್ಕೊಳ್ರಿ, ಆಮ್ಯಾಲ ಲೈವ್ ಪೆನ್‌ಡ್ರೈವ್‌ಲೆ ಬೂಟ್ ಮಾಡಿ ಜಿಪಾರ್ಟೆಡ್‌ನಾಗ (ಪಾರ್ಟಿಷನ್ ಸೈಜ್ ಬದಲಿ ಮಾಡೂ ಪ್ರೋಗ್ರಾಮ್) ರೂಟ್ 1 ಟಿಬಿಗೆ ಇಳಸ್ರಿ, ಮೌಂಟ್ ಇದ್ದಾಗ (ಅಂದ್ರ ಸಿಸ್ಟಮ್ ಅದನ್ನ ಬಳಸಾಕತ್ತಿದ್ದಾಗ) ಎಕ್ಸ್ಟ್4 ಸಣ್ಣದು ಮಾಡಾಕ ಬರೂದಿಲ್ಲ. ಇನ್ನ ಮುಂದ ಯಾವ ಕರ್ನಲ್ ಬಂದ್ರೂ ಬಯಾಸ್ ಕೈಗೆ ಸಿಗೂ ಜಾಗದಾಗ ಬೀಳತದ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಬಳಸಿರೋದು 300 ಜಿಬಿ ಅಷ್ಟೇ, ಬಾಲದ ಕಡೆಯಿಂದನೇ ಮಾಡ್ತೀನಿ. ಗ್ರಬ್ ಮತ್ತೆ ಹಾಕ್ಬೇಕಾ? ಉಳಿದ 3 ಟಿಬಿನ ಡೇಟಾಗೆ ಇಟ್ಕೊಬಹುದಾ?

ಅಡಿಕೆತೋಟ:
ಜೋಳದರೊಟ್ಟಿಯವರು ಹೇಳಿದ್ದೇ ವಾಸಿ, ನಿಮ್ಗೆ ಅದೇ ಸಲೀಸು. ಸೈಜ್ ಕಮ್ಮಿ ಮಾಡಿದ್ರೆ ರೂಟ್‌ನ ಯುಯುಐಡಿ (ಪಾರ್ಟಿಷನ್ ಗುರುತಿಸೋ ನಂಬರ್) ಬದಲಾಗಲ್ಲ, ಗ್ರಬ್ ಮುಟ್ಟೋದೇ ಬೇಡ. ಆದ್ರೆ ಆಚೆ ಇದ್ದ ಕರ್ನಲ್ ಫೈಲ್ ಒಳಗೆ ಬಂದಿರತ್ತೆ, ಒಂದ್ಸಲ ರೀಸ್ಟಾರ್ಟ್ ಮಾಡಿ ಹೊಸದೇ ಏಳತ್ತಾ ನೋಡಿ. 3 ಟಿಬಿನ ಧಾರಾಳವಾಗಿ ಡೇಟಾಗೆ ಇಟ್ಕೊಳಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಸೇರಿಸ್ಬೇಕು ಅನ್ನೋ ಪಟ್ಟಿ ಫೈಲು) ಎಸ್‌ಡಿಎ3 ಅಂತ ಡಿಸ್ಕ್‌ನ ಹೆಸರು ಬರೀದೆ ಯುಯುಐಡಿನೇ ಹಾಕಿ, ಜೊತೆಗೆ ನೋಫೇಲ್ (ಸಿಗದಿದ್ರೂ ಬೂಟ್ ನಿಲ್ಲಿಸಬೇಡ ಅನ್ನೋ) ಆಪ್ಷನ್ನೂ ಸೇರಿಸಿ, ಇಲ್ಲಾಂದ್ರೆ ಮುಂದೆ ಆ ಪಾರ್ಟಿಷನ್ ಸಿಗದೇ ಹೋದ ದಿನ ಇಡೀ ಮಷೀನು ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರತ್ತೆ.