ಚೌಕಾಬಾರದಲ್ಲಿ ಕಡೀದೆ ಒಳಗೆ ಹೋಗೋ ಹಾಗಿಲ್ಲ ಕಣೇ

ಪುಟ್ಟೀ, ಬೆಳಗ್ಗೆ ಗ್ರೂಪಲ್ಲಿ ನೀನು ಹಾಕಿದ ಫೋಟೋ ಈಗ ನೋಡ್ದೆ. ಮಕ್ಕಳಿಗೆ ಅಂತ ಬಟ್ಟೆ ಮೇಲೆ ಪ್ರಿಂಟ್ ಮಾಡಿರೋ ಚೌಕಾಬಾರ ತರಿಸಿದೀಯಲ್ಲ, ನೋಡಿ ಎಷ್ಟು ಖುಷಿಯಾಯ್ತು ಗೊತ್ತಾ. ಅದರ ಜೊತೆ ಬಂದಿರೋ ಚೀಟೀಲಿ ಯಾರ ಕಾಯೀನೂ ಕಡೀದೇನೇ, ಅಂದ್ರೆ ಎದುರಿನೋರ ಕಾಯಿ ಇರೋ ಮನೆಗೇ ಬಂದು ಅದನ್ನ ಎಬ್ಬಿಸ್ದೇನೇ, ಹೊರಸುತ್ತಿಂದ ಒಳಸುತ್ತಿಗೆ ಹೋಗ್ಬಹುದು ಅಂತಿದೆ, ಹಾಗೇ ಆಡಿಸ್ಲಾ ಅತ್ತೆ ಅಂತ ಕೇಳಿದೀಯ. ಬೇಡ ಕಂದ. ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ ಅಂತ ಮಾತಾಡ್ತಾನೇ ಇದೀನಿ, ಉದ್ದ ಆದ್ರೂ ಪೂರ್ತಿ ಕೇಳು.

ನಮಗೆ ಬಟ್ಟೆ ಎಲ್ಲಿತ್ತು, ನಡುಮನೆ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಆರು ಗೆರೆ ಉದ್ದ ಆರು ಗೆರೆ ಎಳೆದ್ರೆ 25 ಮನೆ ಆಯ್ತು, ನಾಲ್ಕೂ ಕಡೆ ಮಧ್ಯದ ಮನೆಗೆ, ಆಮೇಲೆ ನಟ್ಟನಡುವಿನ ಮನೆಗೆ ಇಂಟು ಗುರುತು ಹಾಕಿದ್ರೆ ಮುಗೀತು. ಕೆಲಸ ಇದ್ದಿದ್ದು ದಾಳದ ಬದಲು ಹಾಕೋ ಬೀಜದ್ದು. ಕವಡೆ ಇತ್ತು, ಆದ್ರೆ ಅದು ದೇವರ ಗೂಡಲ್ಲಿ, ಶಿವರಾತ್ರಿ ಜಾಗರಣೆಗೆ ಮಾತ್ರ ಕೆಳಗಿಳೀತಿತ್ತು. ಬೇರೆ ದಿನಕ್ಕೆ ನಾಲ್ಕು ಹುಣಸೆ ಬೀಜ ಆರಿಸ್ಕೊಂಡು ಹಿತ್ತಲ ಚಪ್ಪಡಿ ಕಲ್ಲಿಗೆ ಒಂದು ಮೈ ಬೆಳ್ಳಗಾಗೋವರೆಗೂ ತೇಯ್ತಾ ಕೂರೋದು, ಹೆಬ್ಬೆರಳು ಉರಿ ಬರೋದು, ಬೀಜ ಚೆನ್ನಾಗಿ ಕಾದ ಮೇಲೆ ನಿಮ್ಮಪ್ಪ ಅದನ್ನ ತಂದು ಹಿಂದಿನಿಂದ ನನ್ನ ತೋಳಿಗೆ ಚುರ್ ಅನ್ನಿಸಿ ಓಡ್ತಿದ್ದ. ಆ ಬಿಸಿ ಈಗ್ಲೂ ತೋಳಲ್ಲಿ ಇದ್ದಂಗಿದೆ.

ದೊಡ್ಡಣ್ಣ, ನೀನು ಕೆಳಗೆ ಇದು ಲೂಡೋನೇ ತಾನೆ ಅಂತ ಹಾಕಿದೀಯ. ಅಲ್ಲಣ್ಣ. ಲೂಡೋ 1890ರ ದಶಕದಲ್ಲಿ ಇಂಗ್ಲೆಂಡಲ್ಲಿ ಪೇಟೆಂಟ್ ಆಗಿದ್ದು, ಅದೂ ನಮ್ಮ ದೇಶದ ಕವಡೆ ಆಟ ಪಚ್ಚೀಸಿ ಇಟ್ಕೊಂಡು ಮಾಡಿದ್ದು. ಮೈಸೂರಿನ ಜಗನ್ಮೋಹನ ಅರಮನೇಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆಟದ ಮನೆಗಳನ್ನ ಗೋಡೆ ಮೇಲೇ ಬಣ್ಣದಲ್ಲಿ ಬರೆಸಿರೋದು ನೋಡಿದೀಯಲ್ಲ, ಅವರು ತಾವೇ ಕೂತು ಹೊಸ ಹೊಸ ಆಟ ಕಟ್ಟಿದೋರು. ಹಂಪೀಲಿ ದೇವಸ್ಥಾನದ ಕಲ್ಲುಹಾಸಿನ ಮೇಲೂ ಯಾರ್ಯಾರೋ ಕೂತು ಗೀಚಿರೋ ಮನೆಗಳಿವೆ. ಇಷ್ಟು ಹಳೇದನ್ನ ಲೂಡೋ ಅಂದ್ಬಿಟ್ರೆ ನಂಗೆ ಬೇಜಾರಾಗುತ್ತೆ.

ಪುಟ್ಟೀ, ಲೆಕ್ಕ ಸುಲಭ. ಎಷ್ಟು ಬೀಜ ಬಿಳೀ ಮೈ ಮೇಲಾಗಿ ಬೀಳುತ್ತೋ ಅಷ್ಟು, ನಾಲ್ಕೂ ಬಿಳಿ ಬಿದ್ರೆ ಚೌಕ ಅಂದ್ರೆ ನಾಲ್ಕು, ಒಂದೂ ಬೀಳ್ದಿದ್ರೆ ಬಾರ ಅಂದ್ರೆ ಎಂಟು, ಚೌಕ ಬಾರ ಬಿದ್ರೆ ಇನ್ನೊಂದು ಸಲ ಹಾಕ್ಬಹುದು. ನಮ್ಮ ತಾತ ಓದಿದ್ದು ಮೂರನೇ ಕ್ಲಾಸು, ಆದ್ರೆ ಯಾವಾಗ್ಲೂ ಹೇಳೋರು, ಅವರ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಬೇಡ ಮಗಾ, ಕಡೀತಾರೆ ಅಂತ. ಮೊನ್ನೆ ನನ್ನ ಮಗ ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸ್ದ, ನಾಲ್ಕು ಬೀಜ 16 ರೀತಿ ಬೀಳ್ಬಹುದಂತೆ, ಅದರಲ್ಲಿ 6 ರೀತೀಲಿ ಎರಡು ಬೀಳುತ್ತೆ, ಒಂದು, ಮೂರು ತಲಾ 4 ರೀತೀಲಿ, ಚೌಕ, ಬಾರ ಒಂದೊಂದೇ ರೀತೀಲಿ. ತಾತಂಗೆ ಅದು ಕೂತು ಕೂತೇ ಗೊತ್ತಾಗಿತ್ತು ನೋಡು, ನಂಗೆ ಆ ಪೇಪರ್ ನೋಡಿ ಕಣ್ಣಲ್ಲಿ ನೀರು ಬಂತು.

ಅಜ್ಜಿ ಕಾಯಿ ಯಾವಾಗ್ಲೂ ಹಸಿರು ಬಳೆ ಚೂರು. ಅದನ್ನ ಬೇರೆ ಯಾರೂ ಮುಟ್ಟೋ ಹಾಗಿರ್ಲಿಲ್ಲ. ತಾತ ತೀರಿಕೊಂಡ ವರ್ಷ ಶಿವರಾತ್ರೀಲಿ ಅಜ್ಜಿ ಆ ಚೂರುಗಳನ್ನ ನನ್ನ ಕೈಗೆ ಕೊಟ್ಟು ತಾನು ಪೊರಕೆ ಕಡ್ಡಿ ನಾಲ್ಕು ತುಂಡು ಮುರ್ಕೊಂಡು ಕೂತ್ರು, ಯಾರೂ ಏನೂ ಕೇಳ್ಲಿಲ್ಲ, ಆಟ ಶುರುವಾಯ್ತು.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಕಡೀದೆ ಒಳಗೆ ಬಿಟ್ರೆ ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಓಡಿ, ನಟ್ಟನಡುವಿನ ಮನೆ ಸೇರಿಸಿ ಕಾಯಿ ಹಣ್ಣು ಮಾಡ್ಕೊಂಡು ಎದ್ದೋಗ್ತಾರೆ, ಎದುರಿಗಿರೋರ ಕಾಯಿ ಎಲ್ಲಿದೆ ಅಂತ ತಲೆ ಎತ್ತಿ ನೋಡೋದೇ ಇಲ್ಲ. ಆ ಶಿವರಾತ್ರಿ ದಿನ ರಾತ್ರಿ ನಿಮ್ಮಪ್ಪಂಗೆ ಒಂದೂ ಕಡಿಯೋಕಾಗಿರ್ಲಿಲ್ಲ, ನಮ್ಮ ಕಾಯಿ ಸುಮಾರು ಒಳಗೆ ಹೋಗಿ ಒಂದೆರಡು ಕಾಯಿ ಹಣ್ಣೂ ಆಗಿದ್ವು, ಅವನ ಕಾಯಿ ಹೊರಗೇ ಸುತ್ತು ಮೇಲೆ ಸುತ್ತು, ತುಟಿ ಅದುರ್ತಾ ಇತ್ತು. ಅಜ್ಜಿಗೆ ಮೂರು ಬಿತ್ತು. ಒಳಗಿರೋ ಕಾಯಿ ನಡೆಸ್ಬಹುದಿತ್ತು, ನಡೆಸ್ಲಿಲ್ಲ, ಕಟ್ಟೆಮನೇಲಿ, ಅಂದ್ರೆ ಕಡಿಯೋ ಹಾಗಿಲ್ಲದ ಇಂಟು ಗುರುತಿನ ಮನೇಲಿ, ಭದ್ರವಾಗಿದ್ದ ಪೊರಕೆ ಕಡ್ಡೀನ ನಿಧಾನಕ್ಕೆ ಎತ್ತಿ ಒಂದು, ಎರಡು, ಮೂರು ಅಂತ ಎಣಿಸಿ ಅವನ ಕಾಯಿಗೆ ಸರಿಯಾಗಿ ಎರಡು ಮನೆ ಮುಂದೆ ತಂದಿಟ್ರು. ನಾನು ಅಜ್ಜಿ ಅಲ್ಲಿ ಬೇಡ ಅಂದೆ, ಸುಮ್ನಿರು ಅಂತ ಕಣ್ಣಲ್ಲೇ ಹೇಳಿದ್ರು. ಅವನು ಹಾಕ್ದ, ಎರಡು ಬಿತ್ತು, ಕಡ್ದೆ ಅಂತ ಕೂಗಿದ್ದು ಬೀದಿಗೆ ಕೇಳ್ಸಿರ್ಬೇಕು.

ಅದಕ್ಕೇ ಆ ನಿಯಮ ತೆಗೀಬೇಡ ಕಂದ. ಸಣ್ಣೋನು ಅತ್ರೆ ನೀನು ಒಂದು ಕಾಯಿ ಮುಂದಿಡು. ಇಲ್ಲಿ ನಾನು ಎಂಟು ಬೀಜ ತೇಯ್ದು ಡಬ್ಬೀಲಿ ಹಾಕಿದೀನಿ, ನಾಲ್ಕು ಆಟಕ್ಕೆ, ನಾಲ್ಕು ಕಳ್ಕೊಳ್ಳೋಕೆ, ಮುಂದಿನ ತಿಂಗಳು ನಿಮ್ಮಮ್ಮ ಬರ್ತಾರಲ್ಲ ಅವರ ಕೈಲಿ ಕಳಿಸ್ತೀನಿ. ಹಸಿರು ಬಳೆ ಚೂರೂ ಅದರಲ್ಲೇ ಇದೆ, ಹತ್ತೀಲಿ ಸುತ್ತಿದೀನಿ, ಮಕ್ಕಳ ಕೈಗೆ ಚುಚ್ಚದ ಹಾಗೆ ತುದಿ ತೇಯ್ದಿದೀನಿ.